ಬಿಳಿಸೆರಗಿಗೆಲ್ಲ ಒಂದೇ ಗುಳಿಗೆಯೆ?

ಬಿಳಿಸೆರಗು, ತುರಿಕೆ ಎಂದೊಡನೆ ಔಷಧದಂಗಡಿಯಿಂದ 150 ಮಿಲಿಗ್ರಾಮಿನ ಫ್ಲುಕೊನಜೋಲ್ ಗುಳಿಗೆಯೊಂದನ್ನು ತರಿಸಿ ನುಂಗಿದರೆ ಸಾಕು, ವೈದ್ಯರನ್ನು ಕಾಣುವುದು ವೃಥಾ ವ್ಯಯವೆಂದು ಕಳೆದ ಸಂಚಿಕೆಯಲ್ಲಿ ಅಪ್ಪಣೆ ಕೊಡಿಸಿರುವ ಲೇಖಕ ಮಹಾಶಯರು, ಒಡೆದ ಹಾಲಿನಂತಹ ಸ್ರಾವಕ್ಕೆ ಸಾಮಾನ್ಯವಾಗಿ ಶಿಲೀಂಧ್ರವೂ, ಮೀನುನಾತದ ತೆಳುಸ್ರಾವಕ್ಕೆ ಬ್ಯಾಕ್ಟೀರಿಯಾಗಳೂ, ನೊರೆಗೂಡಿದ ಹಳದಿ-ಹಸಿರು ಸ್ರಾವಕ್ಕೆ ಟ್ರೈಕೊಮೊನಾಸ್ ಎಂಬ ಪರೋಪಜೀವಿಯೂ ಕಾರಣವಾಗುವುವೆಂಬುದನ್ನೂ, ಕಡೆಯ ಎರಡಕ್ಕೆ ಆ ಗುಳಿಗೆ ಸರ್ವಥಾ ನಿರುಪಯೋಗಿಯೆಂಬುದನ್ನೂ ಮರೆತಿರುವಂತೆ ತೋರುತ್ತದೆ. ಅವುಗಳಿಗೆ ಮೆಟ್ರೊನಿಡಜೋಲ್ ಬೇಕು. ಟ್ರೈಕೊಮೊನಾಸ್ ಆದರೆ ಪತಿಗೂ ಚಿಕಿತ್ಸೆಯಾಗತಕ್ಕದ್ದು (ಈ ಮಾತನ್ನು ನಮ್ಮ ಗಂಡಸರು ಕಿವಿಗೆ ಹಾಕಿಕೊಳ್ಳುವುದೇ ಅಪೂರ್ವ). ಗರ್ಭಿಣಿಯರಿಗಂತೂ ನುಂಗುವ ಫ್ಲುಕೊನಜೋಲ್ ವರ್ಜ್ಯ; ಅವರಿಗೆ ವೈದ್ಯರ ಸಲಹೆಯಂತೆ ಕ್ಲೋಟ್ರಿಮಜೋಲ್ ಮುಲಾಮೋ ಒಳಗಿಡುವ ಗುಳಿಗೆಯೋ 7 ರಾತ್ರಿ ವಿಹಿತ. ಪದೇ ಪದೇ ಮರುಕಳಿಸಿದರೆ ಮಧುಮೇಹವಿದೆಯೆ ಎಂದು ರಕ್ತಪರೀಕ್ಷೆಯಿಂದ ತಿಳಿಯಬೇಕು. ಅದನ್ನು ಅಂಗಡಿಯ ಹುಡುಗ ಹೇಳಲಾರ.