ಹಳೆಯ ಶಟರ್ ಬದಲಿಸುವ ಮುನ್ನ

ಸೋಲಾಪುರದ ಪೇಟೆಗಳಲ್ಲಾಗಲಿ ಅಕ್ಕಲಕೋಟದ ಹಳೆಯ ಓಣಿಗಳಲ್ಲಾಗಲಿ ನಡೆದುಹೋದರೆ, ಮನೆಯ ಕೆಳ ಅಂತಸ್ತಿನ ಮುಂಭಾಗದಲ್ಲಿ ಕಬ್ಬಿಣದ ಶಟರ್ ಕಣ್ಣಿಗೆ ಬೀಳದೆ ಇರದು. ಒಂದು ಕಾಲಕ್ಕೆ ಆ ಖೋಲಿಯಲ್ಲಿ ಮಗ್ಗ ನಡೆದಿರಬಹುದು, ಕಿರಾಣಿ ಅಂಗಡಿ ಇದ್ದಿರಬಹುದು. ಇಂದು ಅಲ್ಲಿ ಮೋಟರ್ ಸೈಕಲ್, ಮಕ್ಕಳ ಶಾಲೆಯ ಸೈಕಲ್, ಅನುಕೂಲವಿದ್ದವರಲ್ಲಿ ಒಂದು ಕಾರು ನಿಲ್ಲುತ್ತವೆ. ಶಟರ್ ತುಕ್ಕು ಹಿಡಿದು, ಅದನ್ನು ಎತ್ತಲು ಇಬ್ಬರು ಬೇಕಾದಾಗ ಮಾತ್ರ ನಮಗೆ ಅದರ ನೆನಪಾಗುತ್ತದೆ. ಆಗ ಅವಸರದಿಂದ ಹತ್ತಿರದ ಫ್ಯಾಬ್ರಿಕೇಶನ್ ಅಂಗಡಿಗೆ ಹೋಗಿ ‘ಇದರಂತೆಯೇ ಇನ್ನೊಂದು’ ಎಂದು ಹೇಳಿ ಬರುತ್ತೇವೆ. ಅದಕ್ಕೂ ಮೊದಲು ಕೆಲವು ಸಂಗತಿಗಳನ್ನು ವಿಚಾರಿಸುವುದು ಲೇಸು.

ಮೊದಲನೆಯದು, ಇಡೀ ಶಟರನ್ನೇ ಬದಲಿಸಬೇಕೆ ಎಂಬ ಪ್ರಶ್ನೆ. ಶಟರಿನ ಭಾರವನ್ನು ಹೊರುವುದು ನಮ್ಮ ತೋಳಲ್ಲ. ಮೇಲಿನ ಪೆಟ್ಟಿಗೆಯೊಳಗೆ ಕೊಳವೆಗೆ ಸುತ್ತಿಕೊಂಡಿರುವ ಸ್ಪ್ರಿಂಗ್. ಶಟರ್ ಇಳಿದಾಗ ಅದು ಬಿಗಿಯಾಗಿ ಬಲವನ್ನು ಕೂಡಿಟ್ಟುಕೊಳ್ಳುತ್ತದೆ; ಎತ್ತುವಾಗ ಆ ಬಲವನ್ನು ಮರಳಿ ಕೊಡುತ್ತದೆ. ಪಟ್ಟಿಗಳು ಗಟ್ಟಿಯಾಗಿದ್ದು ಶಟರ್ ಭಾರವೆನಿಸಿದರೆ ದೋಷವು ಬಹುಶಃ ಸ್ಪ್ರಿಂಗಿನದು, ಇಲ್ಲವೆ ಇಕ್ಕೆಲದ ಗಾಡಿಯಲ್ಲಿ ತುಂಬಿದ ಧೂಳಿನದು. ಅಷ್ಟನ್ನೇ ಸರಿಪಡಿಸಿದರೆ ಸಾಕಾದೀತು. ಆದರೆ ಬಿಗಿದ ಸ್ಪ್ರಿಂಗನ್ನು ಮನೆಯವರು ಬಿಚ್ಚಲು ಹೋಗಬಾರದು. ಅದು ಸಿಡಿದರೆ ಕೈ ಮುರಿಯುತ್ತದೆ. ಕೆಳಗಿನ ಪಟ್ಟಿಗಳು ತುಕ್ಕಿಗೆ ತೂತು ಬಿದ್ದು, ಅಂಚು ಗಾಡಿಯಿಂದ ಹೊರಬರುತ್ತಿದ್ದರೆ ಮಾತ್ರ ಹೊಸದನ್ನು ತರುವುದೇ ಸರಿ.

ಹೊಸದನ್ನು ತರುವಾಗ ಗೇಜಿನ ಮಾತು ಬರುತ್ತದೆ. ಇಲ್ಲಿ ಅನೇಕರು ಮೋಸ ಹೋಗುತ್ತಾರೆ. ಸಂಖ್ಯೆ ದೊಡ್ಡದಾದಂತೆ ತಗಡು ತೆಳುವಾಗುತ್ತದೆ. 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್, 20 ಗೇಜ್ ಎಂದರೆ ಸುಮಾರು 0.9 ಮಿಲಿಮೀಟರ್ ದಪ್ಪ. ಅಗಲ ಹೆಚ್ಚಿದಷ್ಟೂ ದಪ್ಪ ಪಟ್ಟಿ ಬೇಕು. ಇಲ್ಲವಾದರೆ ನಡುವೆ ಬಾಗಿ ಗಾಳಿಗೆ ಬಡಿದಾಡುತ್ತದೆ. ಸತುವಿನ ಲೇಪವಿರುವ ತಗಡು ಬೆಲೆಯಲ್ಲಿ ಹೆಚ್ಚಾದರೂ ಮಳೆಗಾಲವನ್ನು ತಾಳಿಕೊಳ್ಳುತ್ತದೆ. ಲೋಹದ ಶಟರುಗಳಿಗೆಂದೇ ಐ.ಎಸ್. 6248 ಎಂಬ ಭಾರತೀಯ ಮಾನಕವೂ ಉಂಟು. ಅದನ್ನು ಹೆಸರಿಸಿ ಕೇಳಿದರೆ ಅಂಗಡಿಯವರು ಎಚ್ಚರದಿಂದ ಉತ್ತರಿಸುತ್ತಾರೆ.

ಅಳತೆಯ ಕೆಲಸವನ್ನು ಏಳನೆಯ ಇಯತ್ತೆಯ ಮಕ್ಕಳಿಗೆ ಒಪ್ಪಿಸಬಹುದು. ಗಣಿತಕ್ಕೆ ಇದಕ್ಕಿಂತ ಒಳ್ಳೆಯ ಪಾಠವಿಲ್ಲ. ಹಳೆಯ ಗೋಡೆಗಳು ನೇರವಾಗಿರುವುದಿಲ್ಲವಾದ್ದರಿಂದ ಅಗಲವನ್ನು ಮೇಲೆ, ನಡುವೆ, ಕೆಳಗೆ ಹೀಗೆ ಮೂರು ಕಡೆ ಅಳೆಯಬೇಕು. 10 ಅಡಿ ಅಗಲ, 8 ಅಡಿ ಎತ್ತರದ ತೆರಪಿನ ಕ್ಷೇತ್ರಫಲ 80 ಚದರ ಅಡಿ. ಆದರೆ ಮೇಲೆ ಸುರುಳಿಗೊಳ್ಳುವ ಭಾಗಕ್ಕೆಂದು ಒಂದೂವರೆ ಅಡಿ ಸೇರಿಸಿ ಲೆಕ್ಕ ಹಾಕಿದರೆ ಅದು 95 ಆಗುತ್ತದೆ. ದರವು ಯಾವ ಅಳತೆಯ ಮೇಲೆ, ಪೆಟ್ಟಿಗೆ, ಸ್ಪ್ರಿಂಗ್, ಬಣ್ಣ, ಜೋಡಣೆ, ಜಿ.ಎಸ್.ಟಿ. ಎಲ್ಲವೂ ಅದರಲ್ಲಿ ಸೇರಿವೆಯೆ ಎಂಬುದನ್ನು ಬರೆಯಿಸಿಕೊಳ್ಳಬೇಕು. ಆ ಕಾಗದ ಮರಾಠಿಯಲ್ಲಿರುತ್ತದೆ. ಶಾಲೆಯಲ್ಲಿ ಎರಡೂ ಭಾಷೆ ಕಲಿಯುವ ಮಕ್ಕಳು ಅದನ್ನು ಓದಿ ಅಜ್ಜನಿಗೆ ಕನ್ನಡದಲ್ಲಿ ತಿಳಿಸಲಿ.

ನಮ್ಮ ಸೀಮೆಯ ಬಿಸಿಲನ್ನೂ ಮರೆಯಲಾಗದು. ಬೇಸಿಗೆಯಲ್ಲಿ ಉಷ್ಣತೆ 40 ಡಿಗ್ರಿ ದಾಟುವ ಊರಿನಲ್ಲಿ ಪಡುವಣಕ್ಕೆ ಮುಖ ಮಾಡಿದ ಕಬ್ಬಿಣದ ಶಟರ್ ಸಂಜೆಯ ಹೊತ್ತಿಗೆ ಕಾದ ಹಂಚಾಗುತ್ತದೆ. ತಿಳಿ ಬಣ್ಣ ಬಳಿಸಿದರೆ ಕಾವು ಕಡಿಮೆ. ಮೇಲ್ಭಾಗದ ಕೆಲವು ಪಟ್ಟಿಗಳನ್ನು ರಂಧ್ರವುಳ್ಳವನ್ನಾಗಿ ಹಾಕಿಸಿದರೆ ಗಾಳಿಯಾಡುತ್ತದೆ. ಹಾಗೆಂದು ಶಟರ್ ಮುಚ್ಚಿ ಒಳಗೆ ಗಾಡಿ ಚಾಲೂ ಇಡಬಾರದು. ಅದರ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಆದರೆ ಅದು ಪ್ರಾಣ ತೆಗೆಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದುದು ಹೊರಹೋಗುವ ದಾರಿ. 2025ರ ಮೇ 18ರ ನಸುಕಿನಲ್ಲಿ ಸೋಲಾಪುರದ ಅಕ್ಕಲಕೋಟ ರಸ್ತೆಯ ಎಂ.ಐ.ಡಿ.ಸಿ.ಯಲ್ಲಿ ಒಂದು ಜವಳಿ ಕಾರ್ಖಾನೆಗೆ ಬೆಂಕಿ ಬಿದ್ದು 8 ಜನ ಮಡಿದರು. ಆ ಕಟ್ಟಡದಲ್ಲಿಯೇ ವಾಸವಾಗಿದ್ದ ಮಾಲೀಕರ ಕುಟುಂಬದವರೂ ಅವರಲ್ಲಿದ್ದರು. ಕೆಳಗೆ ಕೆಲಸ, ಮೇಲೆ ಸಂಸಾರ ಎಂಬುದು ನಮ್ಮೂರಿನ ಎಷ್ಟೋ ಮನೆಗಳ ರೀತಿ. ಇಂಥ ಮನೆಯಲ್ಲಿ ಶಟರೊಂದೇ ಬಾಗಿಲಾಗಿದ್ದರೆ, ಅದಕ್ಕೆ ಬೀಗ ಹೊರಗಿದ್ದರೆ, ಆಪತ್ತಿನಲ್ಲಿ ಒಳಗಿನವರ ಗತಿಯೇನು? ಬೆಂಕಿಯ ಹೊತ್ತಿನಲ್ಲಿ ವಿದ್ಯುತ್ತು ಹೋದರೆ ಮೋಟರಿನ ಶಟರ್ ಗೋಡೆಗೆ ಸಮಾನ. ಆದ್ದರಿಂದ ಮೋಟರ್ ಹಾಕಿಸುವವರು ಕೈಯಿಂದಲೂ ಎತ್ತುವ ಸೌಕರ್ಯವನ್ನು ಕೇಳಿ ಪಡೆಯಬೇಕು. ಅಡ್ಡ ಬಂದವರನ್ನು ಗುರುತಿಸಿ ನಿಲ್ಲುವ ಸೆನ್ಸರ್ ಇರಲೇಬೇಕು. ರಿಮೋಟ್ ಮಕ್ಕಳ ಆಟಿಕೆಯಾಗಬಾರದು. ಇಳಿಯುತ್ತಿರುವ ಶಟರಿನಡಿ ಓಡಿ ನುಸುಳುವ ಚಟವನ್ನು ಮೊದಲ ದಿನವೇ ಬಿಡಿಸಬೇಕು.

ಇದಕ್ಕೆ ಪರಿಹಾರವನ್ನು ನಮ್ಮ ಹಿರಿಯರೇ ತೋರಿಸಿದ್ದಾರೆ. ಹಳೆಯ ವಾಡೆಗಳ ಹೆಬ್ಬಾಗಿಲಿನಲ್ಲಿ ಒಬ್ಬರು ಬಾಗಿ ಹೋಗುವಷ್ಟು ಒಂದು ದಿಡ್ಡಿ ಬಾಗಿಲು ಇರುತ್ತಿತ್ತು. ರಾತ್ರಿ ಹೆಬ್ಬಾಗಿಲಿಗೆ ಅಗಳಿ ಬಿದ್ದರೂ ದಿಡ್ಡಿಯಿಂದ ಮನುಷ್ಯರು ಓಡಾಡುತ್ತಿದ್ದರು. ಇಂದು ಹತ್ತು ಅಡಿಯ ತೆರಪಿನಲ್ಲಿ ಏಳು ಅಡಿ ಶಟರಿಗೆ ಬಿಟ್ಟು, ಉಳಿದ ಮೂರು ಅಡಿಯಲ್ಲಿ ಒಳಗಿನಿಂದ ಕೀಲಿಯಿಲ್ಲದೆ ತೆರೆಯುವ ಒಂಟಿ ಬಾಗಿಲನ್ನು ಕೂಡಿಸಬಹುದು. ಕಾರಿರುವವರು ಗಾಡಿಯ ಅಗಲ ನೋಡಿಕೊಂಡು, ಜಾಗ ಸಾಲದಿದ್ದರೆ ಪಕ್ಕದ ಗೋಡೆಯಲ್ಲಿ ಆ ಬಾಗಿಲನ್ನು ಒಡೆಸಬೇಕು. ಖರ್ಚು ಸ್ವಲ್ಪ ಏರುತ್ತದೆ. ಅದನ್ನು ಬಣ್ಣದಲ್ಲೋ ಮೋಟರಿನಲ್ಲೋ ಉಳಿಸಿಕೊಳ್ಳಬಹುದು, ಬಾಗಿಲಿನಲ್ಲಿ ಉಳಿಸಬಾರದು.

ಹೊಸ ಶಟರ್ ಕೂಡಿಸಿದ ದಿನ ಪೂಜೆ ಮಾಡಿ ಕಾಯಿ ಒಡೆಯುತ್ತೀರಿ. ಅದೇ ರಾತ್ರಿ ದೀಪವಾರಿಸಿ, ಮನೆಯ ಪ್ರತಿಯೊಬ್ಬರೂ, ಅಜ್ಜಿಯೂ ಮೊಮ್ಮಗಳೂ, ಆ ಚಿಕ್ಕ ಬಾಗಿಲನ್ನು ಕತ್ತಲಲ್ಲಿ ತಡಕಿ ತೆರೆದು ಹೊರಬರಲು ಒಮ್ಮೆ ಅಭ್ಯಾಸ ಮಾಡಲಿ.