ಸೇವೆಯ ಹೆಸರಿನಲ್ಲಿ ಕೂಲಿ ತಪ್ಪಿಸಬೇಡಿ



ನಮ್ಮ ಗುಡಗೇರಿ ನಿಲ್ದಾಣದಿಂದ ರೈಲು ಹತ್ತಿ ಹುಬ್ಬಳ್ಳಿ, ಧಾರವಾಡದ ಕಾಲೇಜುಗಳಿಗೆ ಹೋಗುವ ಮಕ್ಕಳಲ್ಲಿ ಬಿ.ಎಸ್.ಡಬ್ಲ್ಯೂ. ಓದುವವರೂ ಇದ್ದಾರೆ. ಸಮಾಜಕಾರ್ಯ ಅವರ ವಿಷಯ. ಪಾಠದ ಜೊತೆ ಕ್ಷೇತ್ರಕಾರ್ಯ ಕಡ್ಡಾಯ: ಓಣಿ ತಿರುಗಿ ಮನೆಮಂದಿಯ ಕಷ್ಟ ಕೇಳಬೇಕು, ಮಹಿಳೆಯರ ಸಂಘ ಕಟ್ಟಬೇಕು, ವರದಿ ಬರೆಯಬೇಕು. ಹುಬ್ಬಳ್ಳಿಯ ದೇಶಪಾಂಡೆ ಫೌಂಡೇಶನ್ ಕೂಡ ‘ಲೀಡ್’ ಕಾರ್ಯಕ್ರಮದಲ್ಲಿ ಪದವಿ ವಿದ್ಯಾರ್ಥಿಗಳಿಗೆ ಮುಂದಾಳ್ತನ ಕಲಿಸುತ್ತಿದೆ. ಅಂದರೆ ಸಮಾಜದ ಕೆಲಸಕ್ಕೆ ತಯಾರಾದ ಕೈಗಳಿಗೆ ಬರವಿಲ್ಲ.

ಪದವಿ ಮುಗಿದ ಮೇಲೆ ಏನಾಗುತ್ತದೆ? ನಾನು ಬಲ್ಲ ಹುಡುಗನೊಬ್ಬ ಕಿರುಸಾಲದ ಕಂಪನಿ ಸೇರಿದ. ಸಂಘ ಕಟ್ಟಲು ಕಲಿತ ಜಾಣ್ಮೆ ಈಗ ವಾರದ ಕಂತಿನ ವಸೂಲಿಗೆ ದುಡಿಯುತ್ತಿದೆ. ಇಂಥ ವಸೂಲಿಯ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರಲ್ಲಿ ಸುಗ್ರೀವಾಜ್ಞೆಯನ್ನೇ ತರಬೇಕಾಯಿತು. ಹುಡುಗನನ್ನು ನಾನು ಬೈಯಲಾರೆ. ಅವನು ಮೊದಲು ಬಂದದ್ದು ನಮ್ಮವರದೇ ಸಂಸ್ಥೆಯೊಂದರ ಬಾಗಿಲಿಗೆ. ‘ಇದು ಸೇವೆ, ಸಂಬಳ ಕೇಳಬೇಡ’ ಎಂದರು. ಆ ಸಭೆಯಲ್ಲಿ ನಾನೂ ಇದ್ದೆ, ಸುಮ್ಮನೆ ಕುಳಿತಿದ್ದೆ.

ಇದು ಬಸವತತ್ವವೇ? ಕಾಯಕದಿಂದ ಬಂದದ್ದರಲ್ಲಿ ದಾಸೋಹ ಮಾಡಬೇಕು. ಕಾಯಕಕ್ಕೆ ಪ್ರತಿಫಲವೇ ಇಲ್ಲದವನು ಯಾವುದರಿಂದ ದಾಸೋಹ ಮಾಡಿಯಾನು?

‘1916ರಲ್ಲಿ ಬೆಳಗಾವಿಯಲ್ಲಿ ಕೆ.ಎಲ್.ಇ. ಕಟ್ಟಿದ ಸಪ್ತರ್ಷಿಗಳು ಸಂಬಳ ನೋಡಿದರೇ?’ ಎಂದು ಕೆಲವರು ಕೇಳುತ್ತಾರೆ. ಆ ಹಿರಿಯರಿಗೆ ಶರಣು. ಆದರೆ ಅವರ ತ್ಯಾಗ ಅವರೇ ಆರಿಸಿಕೊಂಡದ್ದು, ಸಂಸ್ಥೆಯ ಚುಕ್ಕಾಣಿಯೂ ಅವರ ಕೈಯಲ್ಲೇ ಇತ್ತು. ಕಾನೂನು ಪದವೀಧರರಾದ ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ 1910ರಲ್ಲಿ ಬಿ.ಎಲ್.ಡಿ.ಇ. ಕಟ್ಟಿದಾಗಲೂ ಹಾಗೆಯೇ. ಸಿರಸಂಗಿ ಲಿಂಗರಾಜರು ತಮ್ಮ ಆಸ್ತಿಯನ್ನೇ ಮಕ್ಕಳ ವಿದ್ಯೆಗೆ ಬರೆದಿಟ್ಟರು. ಇವರೆಲ್ಲ ತಮ್ಮದನ್ನು ಕೊಟ್ಟರು. ನಾವು ಬಡವರ ಮಗನಿಂದ ತ್ಯಾಗ ಕೇಳುತ್ತೇವೆ, ಅಧ್ಯಕ್ಷಗಿರಿ ಮಾತ್ರ ಹಣವಂತರ ಮನೆಯಲ್ಲೇ ಇರುತ್ತದೆ.

ಲೆಕ್ಕದ ಮಾತು ಬಂದರೂ ಅಷ್ಟೇ. ಗಂಡ ತಂದ ಅಕ್ಕಿ ಹೆಚ್ಚಾಯಿತೆಂದು ಮರಳಿ ಸುರಿದು ಬರಲು ಹೇಳಿದವಳು ಆಯ್ದಕ್ಕಿ ಲಕ್ಕಮ್ಮ. ಆ ತಾಯಿಯ ಹೆಸರು ಹೇಳುವ ನಾವು ವರ್ಷದ ಜಮಾಖರ್ಚನ್ನು ಭಕ್ತರ ಮುಂದೆ ಓದಲು ಹಿಂಜರಿಯುತ್ತೇವೆ. ಲೆಕ್ಕ ಬರೆಯಲು, ಕೇಳಲು ಕಲಿತ ಪದವೀಧರ ನಮಗೆ ಬೇಡವಾಗುವುದಕ್ಕೆ ಇದೂ ಒಂದು ಕಾರಣವಲ್ಲವೇ?

ಮಠಗಳಲ್ಲಿ, ಸಂಘಗಳಲ್ಲಿ ನನ್ನ ಬೇಡಿಕೆ ಮೂರೇ. ಬಿ.ಎಸ್.ಡಬ್ಲ್ಯೂ. ಮಕ್ಕಳ ಕ್ಷೇತ್ರಕಾರ್ಯಕ್ಕೆ ನಿಮ್ಮ ಬಾಗಿಲು ತೆರೆಯಿರಿ. ಪ್ರಸಾದನಿಲಯಕ್ಕೋ ಶಾಲೆಗೋ ಒಬ್ಬ ಪದವೀಧರನನ್ನಾದರೂ, ಯಾವ ಜಾತಿಯವನೆಂದು ಕೇಳದೆ, ಬದುಕಲು ಸಾಕಾಗುವ ಸಂಬಳಕ್ಕೆ ನೇಮಿಸಿರಿ. ಆಡಳಿತ ಮಂಡಳಿಯಲ್ಲಿ ಯುವಕರಿಗೆ, ಯುವತಿಯರಿಗೆ ಮತದ ಹಕ್ಕಿರುವ ಸ್ಥಾನ ಕೊಡಿರಿ.

ಒಂದು ಜಾತ್ರೆಯ ಪಟಾಕಿಯ ಖರ್ಚು ಉಳಿಸಿದರೆ ಆರಂಭಕ್ಕೆ ಸಾಕು. ಮುಂದಿನ ಸಭೆಯಲ್ಲಿ ನಾನು ಸುಮ್ಮನೆ ಕೂರುವುದಿಲ್ಲ. ನೀವೂ ಕೂರಬೇಡಿ.