ನೆಲ ಕೆದಕುವ ಮೀನಿಗೆ ಎಂಥ ನೆಲ ಬೇಕು?

ಅಕ್ವೇರಿಯಂ ಮನೆಗೆ ಬರುವುದು ಸಾಮಾನ್ಯವಾಗಿ ಮಕ್ಕಳ ಹಠದಿಂದ. ಆದರೆ ತಿಂಗಳೆರಡು ಕಳೆಯುವಷ್ಟರಲ್ಲಿ ನೀರು ಬದಲಿಸುವುದು, ಗಾಜು ಒರೆಸುವುದು, ಆಹಾರ ಹಾಕುವುದು ಎಲ್ಲವೂ ನಿಮ್ಮ ಪಾಲಿಗೇ ಬಂದಿರುತ್ತದೆ. ಆದ್ದರಿಂದ ಈ ಮಾತನ್ನು ನಿಮಗೇ ಹೇಳಬೇಕು.

ಬಣ್ಣದ ಮೀನು ಕೊಳ್ಳುವಾಗ "ತೊಟ್ಟಿ ಕ್ಲೀನ್ ಮಾಡುತ್ತದೆ, ಇರಲಿ" ಎಂದು ಅಂಗಡಿಯವರು ಒಂದೆರಡು ಸಣ್ಣ ಕ್ಯಾಟ್‌ಫಿಶ್‌ಗಳನ್ನೂ ಕಟ್ಟಿ ಕೊಡುವುದುಂಟು. ಬೆರಳುದ್ದದ ಮೈ, ಬಾಯಿಯ ಬಳಿ ಪುಟ್ಟ ಮೀಸೆ, ಯಾವಾಗಲೂ ತಳದಲ್ಲೇ ಓಡಾಟ. ಕೊರಿಡೋರಸ್ ಎಂಬುದು ಇವುಗಳ ಹೆಸರು. ಸಾಕುವವರು ಚಿಕ್ಕದಾಗಿ 'ಕೋರಿ' ಎನ್ನುತ್ತಾರೆ. ತುಳುನಾಡಿನ ಓದುಗರು ನಗಬೇಡಿ, ಇದು ರೊಟ್ಟಿಯ ಜೊತೆಗಿನ ಕೋರಿಯಲ್ಲ! ಇವು ದಕ್ಷಿಣ ಅಮೆರಿಕದ ಹೊಳೆ, ತೊರೆಗಳ ಮೀನುಗಳು. ಕಪ್ಪು ಮಚ್ಚೆಗಳಿರುವ ಒಂದು ಜಾತಿಯನ್ನು ಚಾರ್ಲ್ಸ್ ಡಾರ್ವಿನ್ ತಮ್ಮ ಬೀಗಲ್ ಹಡಗಿನ ಯಾತ್ರೆಯಲ್ಲಿ ಸಂಗ್ರಹಿಸಿದ್ದರು. 1842ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರು ಬಂತು.

ಈ ಮೀನು ಉಣ್ಣುವ ರೀತಿಯನ್ನು ಗಮನಿಸಿದರೆ ಅದಕ್ಕೆ ಎಂಥ ನೆಲ ಬೇಕೆಂದು ತಾನಾಗಿ ತಿಳಿಯುತ್ತದೆ. ಮೂತಿಯನ್ನು ಕೆಲವೊಮ್ಮೆ ಕಣ್ಣಿನವರೆಗೂ ಮರಳಿನೊಳಗೆ ತೂರಿಸುತ್ತದೆ. ಬಾಯ್ತುಂಬ ಮರಳೆಳೆದು, ತಿನ್ನುವಂಥದ್ದನ್ನು ಉಳಿಸಿಕೊಂಡು, ಮರಳನ್ನು ಕಿವಿರಿನ ಮೂಲಕ ಹೊರಗೆ ಬಿಡುತ್ತದೆ. ನಾವು ಹಿಟ್ಟು ಜರಡಿ ಹಿಡಿದಂತೆಯೇ. ಆಹಾರ ಹುಡುಕಲು ನೆರವಾಗುವುದು ಆ ಮೀಸೆಗಳು. ಮುಟ್ಟಿ ತಿಳಿಯುವುದಕ್ಕೂ ರುಚಿ ನೋಡುವುದಕ್ಕೂ ಅವೇ ಬೇಕು.

ಈಗ ನಿಮ್ಮ ತೊಟ್ಟಿಯ ತಳ ನೋಡಿ. ನೀಲಿ, ಗುಲಾಬಿ ಬಣ್ಣದ ಜಲ್ಲಿ ಇದೆಯೇ? ಅಂಚು ಮೊನಚಾಗಿದ್ದರೆ ಮೀಸೆ ಸವೆಯಬಹುದು. ನುಣುಪಾಗಿದ್ದರೂ ಆ ಕಲ್ಲನ್ನು ಜರಡಿ ಹಿಡಿಯುವುದು ಅದರ ಪುಟ್ಟ ಬಾಯಿಗೆ ಸಾಧ್ಯವಿಲ್ಲ. ಹಾಕಿದ ಆಹಾರ ಕಲ್ಲುಗಳ ಸಂದಿಗೆ ಇಳಿದು ಕೊಳೆಯುತ್ತದೆ. ಸದಾ ತಳಕ್ಕೆ ಮೂತಿ ತಾಗಿಸಿಕೊಂಡಿರುವ ಮೀನಿಗೆ ಆ ಕೊಳೆಯಿಂದ ಸೋಂಕು ತಗಲುತ್ತದೆ. ಮೊನಚು ಕಲ್ಲಿಗಿಂತ ಕೊಳೆಯೇ ದೊಡ್ಡ ಶತ್ರು ಎಂದು ನನಗನಿಸುತ್ತದೆ. ಮೀಸೆ ಮೋಟಾದ ಮೀನಿಗೆ ಆಹಾರ ಸಿಗುವುದು ಕಷ್ಟವಾಗಿ ಅದು ಸೊರಗುತ್ತದೆ. ಬುಡದವರೆಗೆ ನಾಶವಾಗಿರದಿದ್ದರೆ, ತಳ ಶುಚಿಯಾದ ಮೇಲೆ ಮೀಸೆ ಮತ್ತೆ ಬೆಳೆಯುತ್ತದೆ.

ಏನೂ ಹಾಸದೆ ಬರೀ ಗಾಜು ಬಿಟ್ಟರೆ ತೊಳೆಯಲು ಸುಲಭ, ನಿಜ. ಆದರೆ ಕೆದಕುವ ಮೀನಿಗೆ ಕೆದಕಲು ಏನೂ ಇಲ್ಲದಾಗುತ್ತದೆ.

ಬೇಕಾದದ್ದು ಸಣ್ಣ ರವೆಯಂಥ, ದುಂಡು ಕಣಗಳ ನದಿ ಮರಳು. ಅಂಗಡಿಯಲ್ಲಿ ಅಕ್ವೇರಿಯಂ ಮರಳೆಂದೇ ಸಿಗುತ್ತದೆ. ಮನೆ ಕಟ್ಟುವಲ್ಲಿಂದ ಒಂದು ಬಕೆಟ್ ತರೋಣ ಎಂದುಕೊಳ್ಳುವ ಮೊದಲು ಸ್ವಲ್ಪ ತಡೆಯಿರಿ. ಈಗ ಅಲ್ಲಿರುವುದು ಹೆಚ್ಚಾಗಿ ಎಂ-ಸ್ಯಾಂಡ್, ಅಂದರೆ ಯಂತ್ರದಲ್ಲಿ ಕಲ್ಲು ಪುಡಿ ಮಾಡಿ ತಯಾರಿಸಿದ್ದು. ಅದರ ಕಣಗಳಿಗೆ ಮೂಲೆಗಳಿರುತ್ತವೆ. ಅಂಗೈಯಲ್ಲಿ ಹಾಕಿ ತಿಕ್ಕಿ ನೋಡಿ, ಚುಚ್ಚಿದರೆ ಬೇಡ. ಕರಾವಳಿಯವರಿಗೆ ಕಡಲ ಹೊಯಿಗೆ ಹತ್ತಿರವೇ ಇದ್ದರೂ ಅದರಲ್ಲಿ ಉಪ್ಪಿನ ಜೊತೆ ಚಿಪ್ಪಿನ ಚೂರುಗಳಿರುತ್ತವೆ. ಚಿಪ್ಪು ನಿಧಾನವಾಗಿ ಕರಗಿ ನೀರನ್ನು ಗಡಸು ಮಾಡುತ್ತದೆ. ಸಂಶಯವಿದ್ದರೆ ಒಣಗಿದ ಮರಳಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಡಿ. ನೊರೆಗುಳ್ಳೆ ಎದ್ದರೆ ಅದರಲ್ಲಿ ಚಿಪ್ಪು ಅಥವಾ ಸುಣ್ಣದ ಅಂಶವಿದೆ.

ಎರಡು ಮೂರು ಸೆಂಟಿಮೀಟರ್ ದಪ್ಪ ಸಾಕು. 60 ಸೆಂ.ಮೀ. ಉದ್ದ, 30 ಸೆಂ.ಮೀ. ಅಗಲದ ತೊಟ್ಟಿಗೆ ಸುಮಾರು 8 ಕಿಲೋ ಮರಳು ಹಿಡಿಯುತ್ತದೆ. ಅಕ್ಕಿ ತೊಳೆದಂತೆ ಸ್ವಲ್ಪ ಸ್ವಲ್ಪವೇ ಬಕೆಟಿಗೆ ಹಾಕಿ, ತಿಳಿನೀರು ಬರುವವರೆಗೆ ತೊಳೆಯಿರಿ. ಹತ್ತು ಹದಿನೈದು ಸಲವಾದರೂ ಬೇಸರಿಸಬೇಡಿ. ಸೋಪು ಮಾತ್ರ ಹತ್ತಿರವೂ ಸುಳಿಯಬಾರದು.

ತೊಟ್ಟಿಯಲ್ಲಿ ಆಗಲೇ ಮೀನುಗಳಿದ್ದರೆ ಹಳೆಯ ಜಲ್ಲಿಯನ್ನು ಒಂದೇ ದಿನ ಪೂರ್ತಿ ತೆಗೆಯಬೇಡಿ. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯವನ್ನು ನಿವಾರಿಸುವ ಬ್ಯಾಕ್ಟೀರಿಯಾಗಳು ಫಿಲ್ಟರಿನಲ್ಲಿರುವಂತೆ ಜಲ್ಲಿಯ ಮೇಲೂ ಇರುತ್ತವೆ. ವಾರಕ್ಕಿಷ್ಟು ಎಂದು ಎರಡು ಮೂರು ಕಂತಿನಲ್ಲಿ ತೆಗೆದು ಮರಳು ಹಾಕಿ. ಆ ದಿನಗಳಲ್ಲಿ ಆಹಾರ ಸ್ವಲ್ಪ ಕಡಿಮೆಯಿರಲಿ, ಫಿಲ್ಟರ್ ತೊಳೆಯುವುದೂ ಬೇಡ. ಜಲ್ಲಿಯಡಿ ಇಡುವ ಪ್ಲಾಸ್ಟಿಕ್ ತಟ್ಟೆಯ ಫಿಲ್ಟರ್ ನಿಮ್ಮಲ್ಲಿದ್ದರೆ ಅದರ ಮೇಲೆ ಮರಳು ನಡೆಯದು, ರಂಧ್ರಗಳು ಕಟ್ಟಿಕೊಳ್ಳುತ್ತವೆ. ಸ್ಪಂಜಿನ ಫಿಲ್ಟರ್ ಹಾಕಿಕೊಳ್ಳಿ.

ಇನ್ನು ಆ 'ಕ್ಲೀನಿಂಗ್' ವಿಷಯ. ಕೋರಿ ಮೀನು ಹೊಲಸು ತಿಂದು ಬದುಕುವುದಿಲ್ಲ. ಮೇಲಿನ ಮೀನುಗಳು ಬಿಟ್ಟದ್ದರಲ್ಲೇ ಅದರ ಹೊಟ್ಟೆ ತುಂಬುವುದೂ ಅನುಮಾನ. ತಳಕ್ಕೆ ಮುಳುಗುವ ಗುಳಿಗೆ ಆಹಾರವನ್ನು ರಾತ್ರಿ ದೀಪ ಆರಿಸಿದ ಮೇಲೆ ಹಾಕಿ, ಅದಕ್ಕೂ ಒಂದು ಪಾಲು ಸಿಗಲಿ. ಒಂಟಿಯಾಗಿಡದೆ ಒಂದೇ ಜಾತಿಯ ಐದಾರನ್ನು ಸಾಕಿದರೆ ಧೈರ್ಯವಾಗಿ ಓಡಾಡುತ್ತವೆ. ಆಗಾಗ ಸರ್ರನೆ ಮೇಲೆ ಬಂದು ಗಾಳಿ ನುಂಗಿ ಹೋಗುವುದು ಅವುಗಳ ಸ್ವಭಾವ. ಪದೇ ಪದೇ ಹಾಗೆ ಮಾಡತೊಡಗಿದರೆ ಮಾತ್ರ ನೀರು ಕೆಟ್ಟಿದೆಯೇ ನೋಡಬೇಕು.

ತಳ ಶುಚಿ ಮಾಡುವ ಕೆಲಸ ಹೇಗೂ ನಿಮ್ಮದೇ. ವಾರಕ್ಕೊಮ್ಮೆ ನೀರು ಬದಲಿಸುವಾಗ ಪೈಪಿನ ತುದಿಯನ್ನು ಮರಳಿಗೆ ತಾಗಿಸದೆ ಒಂದು ಬೆರಳಿನಷ್ಟು ಮೇಲೆ ಹಿಡಿದರೆ ಕಸ ಮಾತ್ರ ಬರುತ್ತದೆ, ಮರಳು ಅಲ್ಲೇ ಉಳಿಯುತ್ತದೆ.